ಮನೆಯ ಸ್ಟೀರಿಯೋ: ಧ್ವನಿ ಕೆಡುವುದು ಎಲ್ಲಿ?

ಹೊನ್ನಾವರ ತಾಲ್ಲೂಕಿನ ಒಂದು ತೋಟದ ಮನೆ. ಮಳೆಗಾಲ ಮುಗಿಯುತ್ತಿದ್ದ ದಿನಗಳು. ಸ್ನೇಹಿತರೊಬ್ಬರು ನನ್ನ ಮುಂದೆ ಒಂದು ಕ್ಯಾಸೆಟ್ ತಂದಿಟ್ಟರು. 1987ರಲ್ಲಿ ಊರ ದೇವಸ್ಥಾನದಲ್ಲಿ ನಡೆದ ತಾಳಮದ್ದಳೆಯಲ್ಲಿ ಅವರ ತಂದೆ ಅರ್ಥ ಹೇಳಿದ್ದನ್ನು ಯಾರೋ ಸಣ್ಣ ಟೇಪ್ ರೆಕಾರ್ಡರಿನಲ್ಲಿ ಮುದ್ರಿಸಿಕೊಂಡಿದ್ದರು. ತಂದೆ ಈಗಿಲ್ಲ. ಅವರ ದನಿ ಉಳಿದಿರುವುದು ಈ ಒಂದು ಕ್ಯಾಸೆಟ್ಟಿನಲ್ಲಿ ಮಾತ್ರ. ಮನೆಯ ಸ್ಟೀರಿಯೋಗೆ ಹಾಕಿದರೆ ಕಂಬಳಿ ಹೊದ್ದುಕೊಂಡು ಮಾತನಾಡಿದಂತೆ ಕೇಳುತ್ತಿತ್ತು. ಭಾಗವತರ ತಾಳದ ಕಿಣಿಕಿಣಿ ಇಲ್ಲವೇ ಇಲ್ಲ. ಅದೇ ಯಂತ್ರದಲ್ಲಿ ಅಂಗಡಿಯಿಂದ ಕೊಂಡ ಯಕ್ಷಗಾನದ ಕ್ಯಾಸೆಟ್ಟುಗಳು ಪರವಾಗಿಲ್ಲ ಎನ್ನುವಂತೆ ಕೇಳುತ್ತಿದ್ದವು. ಆದ್ದರಿಂದ ರಿಪೇರಿಯವರು ‘ಯಂತ್ರ ಸರಿಯಿದೆ, ಟೇಪೇ ಸತ್ತಿದೆ, ಬಿಸಾಡಿ’ ಎಂದು ತೀರ್ಪು ಕೊಟ್ಟಿದ್ದರು.

ತೀರ್ಪು ತರ್ಕಬದ್ಧವಾಗಿಯೇ ಇತ್ತು. ಆದರೆ ತಪ್ಪಾಗಿತ್ತು. ಕೆರೆಮನೆ ಶಿವರಾಮ ಹೆಗಡೆಯವರು 1934ರಲ್ಲಿ ಇಡಗುಂಜಿ ಮೇಳ ಕಟ್ಟಿದ ತಾಲ್ಲೂಕು ಇದು. ಇಂಥ ಕ್ಯಾಸೆಟ್ಟುಗಳು ಇಲ್ಲಿಯ ಎಷ್ಟೋ ಮನೆಗಳ ಪೆಟ್ಟಿಗೆಗಳಲ್ಲಿ ಇನ್ನೂ ಇವೆ. ಇಂಥದೇ ತೀರ್ಪಿನಿಂದ ಎಷ್ಟು ಕಸಕ್ಕೆ ಹೋಗಿವೆಯೋ! ಆ ಕ್ಯಾಸೆಟ್ಟಿನ ವಿಷಯಕ್ಕೆ ಕೊನೆಯಲ್ಲಿ ಬರುತ್ತೇನೆ. ಮೊದಲು ಧ್ವನಿ ಕೆಟ್ಟಾಗ ದೋಷವನ್ನು ಹುಡುಕುವ ಕ್ರಮವನ್ನು ನೋಡೋಣ.

ಸ್ಟೀರಿಯೋ ಎಂದರೆ ಒಂದು ಸರಪಳಿ. ಟೇಪು, ಸಿ.ಡಿ. ಅಥವಾ ಮೊಬೈಲ್ ಮೊದಲ ಕೊಂಡಿ. ಅಲ್ಲಿಂದ ವೈರು, ಆಂಪ್ಲಿಫೈಯರ್, ಮತ್ತೆ ವೈರು, ಸ್ಪೀಕರ್. ಕೊನೆಯ ಕೊಂಡಿ ನಾವು ಕುಳಿತ ಕೋಣೆ; ಇದನ್ನು ಮರೆಯುವವರೇ ಹೆಚ್ಚು. ಸ್ಟೀರಿಯೋದಲ್ಲಿ ಎಡ, ಬಲ ಎಂದು ಎರಡು ಒಂದೇ ಬಗೆಯ ಸರಪಳಿಗಳು ಇರುವುದು ದೋಷ ಹುಡುಕುವವನಿಗೆ ಒಂದು ವರ. ಒಂದು ಕೆಟ್ಟರೆ ಹೋಲಿಸಿ ನೋಡಲು ಇನ್ನೊಂದಿದೆ.

ಎಡಗಡೆಯ ದನಿ ಕ್ಷೀಣವಾಗಿದೆ ಎನ್ನಿ. ಯಂತ್ರವನ್ನು ಆರಿಸಿ, ಆಂಪ್ಲಿಫೈಯರಿನ ಹಿಂಬದಿಯಲ್ಲಿ ಎಡ ಮತ್ತು ಬಲ ಸ್ಪೀಕರ್ ವೈರುಗಳನ್ನು ಅದಲುಬದಲು ಮಾಡಿ. ಮತ್ತೆ ಹಚ್ಚಿದಾಗಲೂ ಅದೇ ಪೆಟ್ಟಿಗೆಯ ದನಿ ಕ್ಷೀಣವಾಗಿದ್ದರೆ ದೋಷ ಆ ಪೆಟ್ಟಿಗೆಯಲ್ಲಿ ಅಥವಾ ಅದರ ವೈರಿನಲ್ಲಿದೆ. ದೋಷ ಇನ್ನೊಂದು ಪೆಟ್ಟಿಗೆಗೆ ಹಾರಿದರೆ ಎರಡೂ ಸ್ಪೀಕರುಗಳು ನಿರಪರಾಧಿಗಳು. ಕೆಡುಕು ಆಂಪ್ಲಿಫೈಯರಿನಲ್ಲಿ ಅಥವಾ ಅದಕ್ಕಿಂತ ಹಿಂದೆ ಇದೆ. ಆಗ ಒಳಬರುವ ಪಿನ್ನುಗಳನ್ನು ಅದಲುಬದಲು ಮಾಡಿ ಇದೇ ಪ್ರಶ್ನೆಯನ್ನು ಮತ್ತೆ ಕೇಳಿ. ಹತ್ತು ನಿಮಿಷದಲ್ಲಿ ದೋಷವಿರುವ ಕೊಂಡಿ ಸಿಗುತ್ತದೆ. ಒಂದು ಸಲಕ್ಕೆ ಒಂದೇ ಬದಲಾವಣೆ ಎಂಬ ನಿಯಮವನ್ನು ಮಾತ್ರ ಮುರಿಯಬಾರದು. ಎರಡನ್ನು ಒಟ್ಟಿಗೆ ಬದಲಿಸಿದರೆ ದನಿ ಸರಿಹೋದರೂ ಯಾವುದರಿಂದ ಸರಿಹೋಯಿತೆಂದು ತಿಳಿಯುವುದಿಲ್ಲ. ಮುಂದಿನ ಸಲ ಮತ್ತೆ ಕತ್ತಲೆ.

ಕುಮಟಾದಲ್ಲಿ ಸಮುದ್ರದಂಚಿನ ಒಂದು ಮನೆಯ ಸ್ಟೀರಿಯೋದ ಎಡ ಚಾನೆಲ್ ಪ್ರತಿ ಜೂನ್‌ನಲ್ಲಿ ಸಾಯುತ್ತಿತ್ತು, ದೀಪಾವಳಿ ಕಳೆದ ಮೇಲೆ ತಾನಾಗಿಯೇ ಬದುಕುತ್ತಿತ್ತು. ಋತುಮಾನವನ್ನು ಅನುಸರಿಸಿ ಕೆಡುವ ಯಂತ್ರ! ಮೇಲಿನ ಕ್ರಮದಲ್ಲಿ ಪರೀಕ್ಷಿಸಿದಾಗ ದೋಷ ಒಳಬರುವ ಪಿನ್ನಿನಲ್ಲಿತ್ತು. ಪಿನ್ನನ್ನು ಬೆರಳಲ್ಲಿ ಹಿಡಿದು ತಿರುವಿದರೆ ಚರಚರ ಸದ್ದಿನೊಡನೆ ದನಿ ಬರುತ್ತಿತ್ತು, ಹೋಗುತ್ತಿತ್ತು.

ಕಾರಣ ಅಡುಗೆಮನೆಯಲ್ಲಿ ಎಲ್ಲರಿಗೂ ಗೊತ್ತಿರುವಂಥದೇ. ಆಷಾಢದಲ್ಲಿ ಉಪ್ಪಿನ ಭರಣಿ ನೀರೊಡೆಯುತ್ತದೆ. ಗಾಳಿಯ ಸಾಪೇಕ್ಷ ಆರ್ದ್ರತೆ ಸುಮಾರು 75% ದಾಟಿದರೆ ಉಪ್ಪು ಗಾಳಿಯಿಂದಲೇ ನೀರನ್ನು ಹೀರಿ ಕರಗತೊಡಗುತ್ತದೆ. ಅದಕ್ಕಿಂತ ಕಡಿಮೆಯಿದ್ದರೆ ಒಣಗಿಯೇ ಇರುತ್ತದೆ. ಕುಮಟಾ ತಾಲ್ಲೂಕಿನ ಸಾಣಿಕಟ್ಟಾದ ಆಗರಗಳಲ್ಲಿ ಬೇಸಿಗೆಯಲ್ಲಷ್ಟೇ ಉಪ್ಪು ಬೆಳೆಯುವುದನ್ನು ನೋಡಿದವರಿಗೆ ಇದು ಹೊಸತಲ್ಲ. ದಡಕ್ಕೆ ಬಡಿಯುವ ಅಲೆಗಳಿಂದ ಹಾರುವ ಸೂಕ್ಷ್ಮ ಹನಿಗಳು ಉಪ್ಪನ್ನು ಹೊತ್ತು ಮನೆಯೊಳಕ್ಕೆ ಬರುತ್ತವೆ. ಪಿನ್ನಿನ ಮೇಲೆ, ಸ್ವಿಚ್ಚಿನೊಳಗೆ ಕೂರುತ್ತವೆ. ಕಡಲ ಉಪ್ಪಿನಲ್ಲಿ ಸ್ವಲ್ಪ ಮೆಗ್ನೀಸಿಯಂ ಕ್ಲೋರೈಡ್ ಕೂಡ ಇದೆ. ಅದು 33% ಆರ್ದ್ರತೆಯಲ್ಲೇ ನೀರೆಳೆದುಕೊಳ್ಳುವಂಥದು. ಮಳೆಗಾಲದಲ್ಲಿ ಈ ಉಪ್ಪಿನ ಪದರ ಒದ್ದೆಯಾಗಿ, ಲೋಹವನ್ನು ತಿಂದು, ಹಸಿರು ಅಥವಾ ಕಪ್ಪು ಪೊರೆಯನ್ನು ಬೆಳೆಸುತ್ತದೆ.

ಇದೇ ಪೊರೆ ಮಿಕ್ಸರಿನ ಪ್ಲಗ್ಗಿನ ಮೇಲೂ ಇರುತ್ತದಲ್ಲ, ಮಿಕ್ಸರ್ ಏಕೆ ನಿಲ್ಲುವುದಿಲ್ಲ ಎಂದು ಆ ಮನೆಯ ಹುಡುಗಿ ಕೇಳಿದಳು. ಒಳ್ಳೆಯ ಪ್ರಶ್ನೆ. ಪ್ಲಗ್ಗಿನಲ್ಲಿ 230 ವೋಲ್ಟ್ ಇದೆ. ತೆಳ್ಳನೆಯ ಪೊರೆಯನ್ನು ಅದು ಛೇದಿಸಿಕೊಂಡು ಹೋಗುತ್ತದೆ. ಒಳಬರುವ ಧ್ವನಿಸಂಕೇತ ಒಂದು ವೋಲ್ಟಿಗಿಂತಲೂ ಕಡಿಮೆ, ಅದರ ವಿದ್ಯುತ್ ಪ್ರವಾಹವಂತೂ ತೀರ ಅಲ್ಪ. ಪೊರೆಯನ್ನು ಛೇದಿಸುವ ಶಕ್ತಿ ಅದಕ್ಕಿಲ್ಲ. ಆದ್ದರಿಂದ ಸ್ಟೀರಿಯೋದಲ್ಲಿ ಮೊದಲು ಕೆಡುವುದು ಅತ್ಯಂತ ಸಣ್ಣ ಸಂಕೇತ ಹರಿಯುವ ಜಾಗಗಳೇ: ಒಳಬರುವ ಪಿನ್ನುಗಳು, ಆಯ್ಕೆಯ ಸ್ವಿಚ್, ವಾಲ್ಯೂಮ್ ತಿರುಪು.

ಪರಿಹಾರ ಅಗ್ಗ. ಯಂತ್ರ ಆರಿಸಿ ಪಿನ್ನುಗಳನ್ನು ತೆಗೆದು ಐಸೊಪ್ರೊಪೈಲ್ ಆಲ್ಕೊಹಾಲಿನಲ್ಲಿ ನೆನೆಸಿದ ಬಟ್ಟೆಯಿಂದ ಒರೆಸಬೇಕು. ವಾಲ್ಯೂಮ್ ತಿರುಪನ್ನೂ ಸ್ವಿಚ್ಚನ್ನೂ ಕೊನೆಯಿಂದ ಕೊನೆಗೆ ಇಪ್ಪತ್ತು ಸಲ ಆಡಿಸಿದರೆ ಒಳಗಿನ ಪೊರೆ ಉಜ್ಜಿಹೋಗುತ್ತದೆ. ಮರಳು ಕಾಗದ ಹಾಕಿ ತಿಕ್ಕಬೇಡಿ; ಮೇಲಿನ ನಿಕ್ಕಲ್ ಲೇಪ ಹೋದರೆ ಮುಂದಿನ ಮಳೆಗಾಲದಲ್ಲಿ ಎರಡು ಪಟ್ಟು ವೇಗದಲ್ಲಿ ಕೆಡುತ್ತದೆ. ತೆಂಗಿನೆಣ್ಣೆ ಹಚ್ಚಿದವರನ್ನೂ ಕಂಡಿದ್ದೇನೆ. ಅದನ್ನು ತಲೆಗೇ ಮೀಸಲಿಡುವುದು ಒಳ್ಳೆಯದು.

ಮತ್ತೆ ಕೆಡದಂತೆ ಮಾಡುವುದಕ್ಕೂ ಒಂದು ಲೆಕ್ಕವಿದೆ. 27 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗಾಳಿಯ ಆರ್ದ್ರತೆ 90% ಇದೆ ಎನ್ನೋಣ. ನೀರಿನ ಆವಿಯನ್ನು ಹೆಚ್ಚಿಸದೆ ಅದೇ ಗಾಳಿಯನ್ನು 32 ಡಿಗ್ರಿಗೆ ಬಿಸಿಮಾಡಿದರೆ ಸಾಪೇಕ್ಷ ಆರ್ದ್ರತೆ ಸುಮಾರು 67%ಕ್ಕೆ ಇಳಿಯುತ್ತದೆ. ಎಂದರೆ ಉಪ್ಪು ಕರಗುವ 75%ರ ಗೆರೆಗಿಂತ ಕೆಳಕ್ಕೆ! ಐದು ಡಿಗ್ರಿ ಬಿಸಿ ಸಾಕು. ಮಳೆಗಾಲದಲ್ಲಿ ಯಂತ್ರವನ್ನು ದಿನವೂ ಸ್ವಲ್ಪ ಹೊತ್ತು ಹಚ್ಚಿಡಿ ಎಂದು ಹಳಬರು ಹೇಳುತ್ತಿದ್ದುದರಲ್ಲಿ ಅರ್ಥವಿದೆ. ಬಾಗಿಲಿರುವ ಕಪಾಟಿನಲ್ಲಿ ಇಟ್ಟವರು ಒಳಗೆ 15 ವ್ಯಾಟಿನ ಹಳೆಯ ತಂತುಬಲ್ಬ್ ಉರಿಸುತ್ತಿದ್ದರು. ಎಲ್‌ಇಡಿ ಬಲ್ಬಿನಿಂದ ಈ ಕೆಲಸ ಆಗದು, ಅದರಲ್ಲಿ ಬಿಸಿ ಸಾಲದು.

ಅದೇ ಮನೆಯಲ್ಲಿ ಇನ್ನೊಂದು ಪ್ರಸಂಗ ನಡೆಯಿತು. ಸ್ಪೀಕರ್ ವೈರಿನ ಹಸಿರುಗಟ್ಟಿದ ತುದಿಗಳನ್ನು ಒಂದೊಂದು ಸೆಂಟಿಮೀಟರ್ ಕತ್ತರಿಸಿ, ಹೊಸ ತಾಮ್ರ ಬಿಡಿಸಿ ಮತ್ತೆ ಸಿಕ್ಕಿಸಿದೆವು. ಎಡ ಬಲ ಎರಡೂ ಜೋರಾಗಿ ಕೇಳಿದವು. ಆದರೆ ಮದ್ದಳೆಯ ಗುಮ್ಮೆನ್ನುವ ನಾದ ಮಾಯವಾಗಿತ್ತು. ಭಾಗವತರ ದನಿ ಮಧ್ಯದಿಂದ ಬರುವ ಬದಲು ಎಲ್ಲಿಂದಲೋ ತೇಲಿ ಬಂದಂತಿತ್ತು. ಒಂದು ಸ್ಪೀಕರಿನ ಕೆಂಪು ಕಪ್ಪು ವೈರುಗಳು ತಿರುಗುಮುರುಗಾಗಿದ್ದವು. ಆಗ ಒಂದು ಸ್ಪೀಕರಿನ ಕಾಗದದ ಶಂಕು ಮುಂದೆ ನೂಕುವಾಗ ಇನ್ನೊಂದರದು ಹಿಂದೆ ಎಳೆಯುತ್ತದೆ. 100 ಹರ್ಟ್ಸ್ ಆವೃತ್ತಿಯ ಶಬ್ದದ ಅಲೆಯುದ್ದ ಸುಮಾರು 3.5 ಮೀಟರ್. ಕೇಳುವವನು ನಡುವೆ ಕುಳಿತಿದ್ದರೆ ಎರಡೂ ಸ್ಪೀಕರುಗಳಿಂದ ಬಂದ ಉದ್ದನೆಯ ಅಲೆಗಳು ಒಂದನ್ನೊಂದು ಬಹುಮಟ್ಟಿಗೆ ಅಳಿಸಿಬಿಡುತ್ತವೆ. ಹೆಚ್ಚಿನ ಆವೃತ್ತಿಯ ಅಲೆಗಳು ಚಿಕ್ಕವು. ತಲೆ ನಾಲ್ಕು ಬೆರಳು ಸರಿದರೂ ಲೆಕ್ಕ ಬದಲಾಗುವುದರಿಂದ ಅವು ಪೂರ್ತಿ ಅಳಿಯುವುದಿಲ್ಲ. ಹಾಗಾಗಿ ಉಳಿಯುವುದು ಟೊಳ್ಳು ದನಿ. ವೈರಿಗೆ ಬಣ್ಣದ ಗುರುತಿಲ್ಲದಿದ್ದರೆ ವೈರುಗಳನ್ನು ಆಂಪ್ಲಿಫೈಯರಿನಿಂದ ಬಿಚ್ಚಿ, ತುದಿಗಳಿಗೆ ಗಡಿಯಾರದ 1.5 ವೋಲ್ಟ್ ಸೆಲ್ಲನ್ನು ಒಂದು ಕ್ಷಣ ಮುಟ್ಟಿಸಿ. ಎರಡೂ ಸ್ಪೀಕರುಗಳಲ್ಲಿ ಸೆಲ್ಲಿನ ಧನ ತುದಿ ಯಾವ ವೈರಿಗೆ ತಾಗಿದಾಗ ಶಂಕು ಮುಂದಕ್ಕೆ ಜಿಗಿಯುತ್ತದೋ ಆ ವೈರು ಕೆಂಪು ತುದಿಗೆ ಹೋಗಬೇಕು. ಶಂಕನ್ನು ನೋಡುವಾಗಲೇ ಅದರ ಅಂಚಿನ ಸ್ಪಂಜಿನ ಬಳೆಯನ್ನೂ ಪರೀಕ್ಷಿಸಿ. ನಮ್ಮ ತೇವದ ಹವೆಯಲ್ಲಿ ಈ ಸ್ಪಂಜು ಹದಿನೈದು ಇಪ್ಪತ್ತು ವರ್ಷಗಳಲ್ಲಿ ಪುಡಿಯಾಗುವುದು ಸಾಮಾನ್ಯ. ಬಳೆಯನ್ನಷ್ಟೇ ಬದಲಿಸಬಹುದು, ಇಡೀ ಸ್ಪೀಕರ್ ಎಸೆಯಬೇಕಿಲ್ಲ.

ಗುಂಯ್ ಎನ್ನುವ ಸದ್ದಿನ ಬಗ್ಗೆ ಎರಡು ಮಾತು. ವಾಲ್ಯೂಮ್ ಪೂರ್ತಿ ಇಳಿಸಿದರೂ ಅದು ಹಾಗೇ ಇದ್ದರೆ ತಿರುಪಿನ ನಂತರದ ಭಾಗದಲ್ಲಿ, ಬಹುತೇಕ ವಿದ್ಯುತ್ ಪೂರೈಕೆಯ ಧಾರಕಗಳಲ್ಲಿ, ದೋಷವಿದೆ. ಅವು ವಯಸ್ಸಾದಂತೆ ಒಣಗುತ್ತವೆ. ಆಗ 100 ಹರ್ಟ್ಸ್‌ನ ಏರಿಳಿತ ಹೊರಬರುತ್ತದೆ. ಪೆಟ್ಟಿಗೆ ಬಿಚ್ಚುವ ಆ ಕೆಲಸವನ್ನು ತಿಳಿದವರಿಗೇ ಬಿಡಿ, ಆರಿಸಿದ ಮೇಲೂ ಧಾರಕ ಶಾಕ್ ಕೊಡಬಲ್ಲದು. ವಾಲ್ಯೂಮ್ ಏರಿಸಿದಂತೆ ಗುಂಯ್ ಏರಿದರೆ ಅದು ಹೊರಗಿನಿಂದ ಬರುತ್ತಿದೆ. ಟಿ.ವಿ.ಯನ್ನು ಸ್ಟೀರಿಯೋಗೆ ಜೋಡಿಸಿದ ಮನೆಗಳಲ್ಲಿ ಕೇಬಲ್ ವೈರನ್ನು ಟಿ.ವಿ.ಯಿಂದ ಕಳಚಿ ನೋಡಿ, ಮೊಬೈಲಿನಿಂದ ಹಾಡು ಹಾಕುವವರು ಚಾರ್ಜರ್ ತೆಗೆದು ನೋಡಿ. ಸದ್ದು ನಿಂತರೆ ಕಳ್ಳ ಸಿಕ್ಕಿದ. ಗುಂಯ್ ನಿಲ್ಲಿಸಲು ಪ್ಲಗ್ಗಿನ ಅರ್ಥ್ ಪಿನ್ ಕಿತ್ತುಹಾಕುವ ಕೆಟ್ಟ ಅಭ್ಯಾಸವೊಂದಿದೆ. ದಯವಿಟ್ಟು ಬೇಡ. ಸದ್ದು ಹೋಗಬಹುದು, ಜೀವವೂ ಹೋಗಬಹುದು. ಬೇಸಿಗೆಯ ಸಂಜೆ ಮಾತ್ರ ದನಿ ಒಡೆಯುತ್ತಿದ್ದರೆ ಸ್ಟೀರಿಯೋ ಬಿಟ್ಟು ವೋಲ್ಟೇಜ್ ಅಳೆಯಿರಿ. ತೋಟಗಳ ಪಂಪುಗಳೆಲ್ಲ ಒಟ್ಟಿಗೆ ಓಡುವ ಹೊತ್ತು ಅದು.

ಇನ್ನು ಕೋಣೆ. ಭಟ್ಕಳದ ಒಂದು ಹೊಸ ಮನೆಯವರು ಎರಡು ಸಲ ಸೆಟ್ ಬದಲಿಸಿಯೂ ತೃಪ್ತರಾಗಿರಲಿಲ್ಲ. ಮಾತು ಕಲಸಿಹೋಗುತ್ತದೆ, ಸ್ಪಷ್ಟವಿಲ್ಲ ಎಂಬ ದೂರು. ಮೊದಲನೆಯ ಸೆಟ್ಟು ಕೊಲ್ಲಿಯಿಂದ ತಂದದ್ದು. (ಅಲ್ಲಿಂದ ತಂದ ಹಳೆಯ ಸೆಟ್ಟುಗಳ ಹಿಂದೆ ವೋಲ್ಟೇಜ್ ಆಯ್ಕೆಯ ಸ್ವಿಚ್ ಇದ್ದರೆ ಮೊದಲು ನೋಡಿ. ಸೌದಿ ಅರೇಬಿಯದ ಮನೆಗಳಲ್ಲಿ ಬಹುಕಾಲ 127 ವೋಲ್ಟ್, 60 ಹರ್ಟ್ಸ್ ಇತ್ತು. ಆ ಸ್ಥಾನದಲ್ಲೇ ಬಿಟ್ಟು ನಮ್ಮ 230 ವೋಲ್ಟಿಗೆ ಸಿಕ್ಕಿಸಿದರೆ ಧ್ವನಿಯ ಬದಲು ಹೊಗೆ ಬರುತ್ತದೆ.) ನಾನು ಹಾಲಿನ ನಡುವೆ ನಿಂತು ಒಮ್ಮೆ ಚಪ್ಪಾಳೆ ತಟ್ಟಿದೆ. ಸದ್ದು ಗೋಡೆಯಿಂದ ಗೋಡೆಗೆ ಓಡಾಡಿ ನಿಧಾನವಾಗಿ ಅಡಗಿತು. ಸೆಟ್ಟನ್ನು ಹಚ್ಚುವ ಅಗತ್ಯವೇ ಬೀಳಲಿಲ್ಲ.

ಶಬ್ದ ಹೀಗೆ ಉಳಿಯುವುದಕ್ಕೆ ಅನುರಣನ ಎಂದು ಹೆಸರು. ಅದನ್ನು ಮೊದಲು ಲೆಕ್ಕಕ್ಕೆ ತಂದವರು ಹಾರ್ವರ್ಡ್ ವಿಶ್ವವಿದ್ಯಾಲಯದ ವ್ಯಾಲೇಸ್ ಸಬೈನ್. 1895ರಲ್ಲಿ ಅಲ್ಲಿಯ ಫಾಗ್ ಉಪನ್ಯಾಸ ಮಂದಿರದಲ್ಲಿ ಮಾತು ಅರ್ಥವಾಗುತ್ತಿಲ್ಲವೆಂಬ ದೂರಿನ ಮೇಲೆ ಈ ತರುಣ ಅಧ್ಯಾಪಕರನ್ನು ಕೆಲಸಕ್ಕೆ ಹಚ್ಚಿದರು. ಇವರು ರಾತ್ರಿಯ ನಿಶ್ಶಬ್ದದಲ್ಲಿ, ಇನ್ನೊಂದು ಸಭಾಂಗಣದ ಮೆತ್ತೆಗಳನ್ನು ಹೊತ್ತು ತಂದು ಒಂದೊಂದಾಗಿ ಜೋಡಿಸುತ್ತ, ಆರ್ಗನ್ ಕೊಳವೆಯ ಶಬ್ದ ಅಡಗುವ ಕಾಲವನ್ನು ಅಳೆದರು. ಅವರಿಗೆ ಸಿಕ್ಕ ಸೂತ್ರ ಸರಳ: ಅನುರಣನ ಕಾಲ ಸೆಕೆಂಡುಗಳಲ್ಲಿ = 0.161 × ಕೋಣೆಯ ಗಾತ್ರ ÷ ಒಟ್ಟು ಹೀರುವಿಕೆ. ಗಾತ್ರ ಘನ ಮೀಟರುಗಳಲ್ಲಿ. ಹೀರುವಿಕೆ ಎಂದರೆ ಪ್ರತಿ ಮೇಲ್ಮೈಯ ವಿಸ್ತೀರ್ಣವನ್ನು ಅದು ಶಬ್ದವನ್ನು ಹೀರುವ ಅಂಶದಿಂದ ಗುಣಿಸಿ ಕೂಡಿದ್ದು.

ಭಟ್ಕಳದ ಹಾಲು ಸುಮಾರು 6 ಮೀಟರ್ ಉದ್ದ, 4 ಮೀಟರ್ ಅಗಲ, 3 ಮೀಟರ್ ಎತ್ತರ. ಗಾತ್ರ 72 ಘನ ಮೀಟರ್. ಗೋಡೆ, ನೆಲ, ಛಾವಣಿಗಳ ಒಟ್ಟು ವಿಸ್ತೀರ್ಣ 108 ಚದರ ಮೀಟರ್. ನುಣುಪು ಗಿಲಾಯಿ, ಟೈಲ್ಸ್, ಕಾಂಕ್ರೀಟುಗಳು ಹೀರುವುದು ನೂರಕ್ಕೆ ಎರಡು ಮೂರು ಪಾಲು ಮಾತ್ರ. 0.025 ಎಂದುಕೊಂಡರೆ ಒಟ್ಟು ಹೀರುವಿಕೆ 2.7, ಅನುರಣನ ಕಾಲ 4.3 ಸೆಕೆಂಡು! ಒಂದು ಅಕ್ಷರ ಅಡಗುವ ಮೊದಲು ಹತ್ತು ಅಕ್ಷರಗಳು ಅದರ ಮೇಲೆ ಬೀಳುತ್ತವೆ. ಬರಿಯ ಕೋಣೆಯ ಲೆಕ್ಕವಿದು, ಕುರ್ಚಿ ಮೇಜುಗಳಿಂದ ಸ್ವಲ್ಪ ಇಳಿಯುತ್ತದೆ. ಈಗ 10 ಚದರ ಮೀಟರಿನಷ್ಟು ದಪ್ಪ ಪರದೆ ಮತ್ತು ಜಮಖಾನೆ ಹಾಕಿ. ಅವು ಅರ್ಧದಷ್ಟು ಹೀರುತ್ತವೆಂದರೆ 5 ಸೇರಿತು. ನಾಲ್ಕು ಜನ ಕುಳಿತರೆ ಇನ್ನೂ ಸುಮಾರು 2. ಒಟ್ಟು 9.7, ಕಾಲ 1.2 ಸೆಕೆಂಡಿಗೆ ಇಳಿಯಿತು. ತೆರೆದ ಕಿಟಕಿ ಶಬ್ದವನ್ನು ಪೂರ್ತಿ ಹೊರಗೆ ಬಿಡುತ್ತದೆ, ಅದರ ಅಂಶ 1. ಹಳೆಯ ಹಂಚಿನ ಮನೆಯಲ್ಲಿ ಇದೇ ಸೆಟ್ಟು ಚೆನ್ನಾಗಿ ಕೇಳುತ್ತಿತ್ತು ಎಂದು ಮನೆಯವರು ಹೇಳಿದ್ದು ಭ್ರಮೆಯಲ್ಲ. ಹಂಚಿನ ಸಂದುಗಳು, ತೆರೆದ ಜಗಲಿ, ಮೂಲೆಯ ಹಾಸಿಗೆ ಸುರುಳಿಗಳೆಲ್ಲ ಸಬೈನ್ ಅವರ ಮೆತ್ತೆಗಳ ಕೆಲಸವನ್ನೇ ಮಾಡುತ್ತಿದ್ದವು.

ಸ್ಪೀಕರುಗಳನ್ನು ಮೂಲೆಗೆ ಒತ್ತಿ ಇಟ್ಟಿದ್ದು ಇನ್ನೊಂದು ತಪ್ಪು. ಎದುರುಬದುರು ಗೋಡೆಗಳ ನಡುವೆ ಕೆಲವು ಆವೃತ್ತಿಗಳಲ್ಲಿ ಸ್ಥಾಯೀ ಅಲೆಗಳು ಏಳುತ್ತವೆ. ಈ ಹಾಲಿನಲ್ಲಿ ಮೊದಲನೆಯವು 29, 43 ಮತ್ತು 58 ಹರ್ಟ್ಸ್‌ಗಳಲ್ಲಿ, ಮುಂದಿನವು ಇವುಗಳ ಗುಣಕಗಳಲ್ಲಿ. ಮೂಲೆಯಲ್ಲಿಟ್ಟ ಸ್ಪೀಕರ್ ಎಲ್ಲವನ್ನೂ ಒಟ್ಟಿಗೆ ಕೆರಳಿಸುತ್ತದೆ, ಕೆಳಸ್ವರಗಳು ಗವಿಯಿಂದ ಬಂದಂತೆ ಗುಂಯ್ಗುಡುತ್ತವೆ. ಮೂರು ಅಡಿ ಈಚೆಗೆ ಎಳೆದದ್ದಕ್ಕೆ ಖರ್ಚೇನೂ ಆಗಲಿಲ್ಲ.

ಈಗ ಹೊನ್ನಾವರದ ಕ್ಯಾಸೆಟ್ಟಿಗೆ ಮರಳೋಣ. ಮೊದಲು ಅದನ್ನು ಬೆಳಕಿಗೆ ಹಿಡಿದು ನೋಡಿದೆ. ಸುರುಳಿಯ ಅಂಚಿನಲ್ಲಿ ಬಿಳಿ ಬೂಷ್ಟು ಇದ್ದರೆ ಹಾಕಲೇಬಾರದು. ಬೂಷ್ಟು ಯಂತ್ರಕ್ಕೂ ಅಲ್ಲಿಂದ ಮುಂದಿನ ಕ್ಯಾಸೆಟ್ಟುಗಳಿಗೂ ಹರಡುತ್ತದೆ. ಅಂಥದನ್ನು ಸಿಲಿಕಾ ಜೆಲ್ ಇಟ್ಟ ಬಿಗಿ ಡಬ್ಬಿಯಲ್ಲಿ ಕೆಲವು ವಾರ ಒಣಗಿಸಿ, ಆಮೇಲೆ ಶುಚಿ ಮಾಡಬೇಕು. ಬಿಸಿಲಿಗೆ ಇಡಬಾರದು. ಒಲೆಯ ಮೇಲಿನ ಅಟ್ಟ ಕಾಳುಮೆಣಸಿಗೆ ಸರಿ, ಟೇಪಿಗಲ್ಲ. ಈ ಕ್ಯಾಸೆಟ್ಟಿನಲ್ಲಿ ಅದೃಷ್ಟಕ್ಕೆ ಬೂಷ್ಟು ಇರಲಿಲ್ಲ.

ಆಮೇಲೆ ಹೆಡ್ಡನ್ನು ನೋಡಿದೆ. ಅದರ ಮೇಲೆ ಕಂದು ಪುಡಿ ಮೆತ್ತಿಕೊಂಡಿತ್ತು. ಕ್ಯಾಸೆಟ್ ಟೇಪು ಸೆಕೆಂಡಿಗೆ 4.76 ಸೆಂ.ಮೀ. ವೇಗದಲ್ಲಿ ಚಲಿಸುತ್ತದೆ. 100 ಹರ್ಟ್ಸ್‌ನ ಶಬ್ದ ಟೇಪಿನ ಮೇಲೆ ಸುಮಾರು ಅರ್ಧ ಮಿಲಿಮೀಟರಿನ ಅಲೆಯಾಗಿ ದಾಖಲಾಗಿರುತ್ತದೆ. 10,000 ಹರ್ಟ್ಸ್‌ನದು ಬರೀ 4.76 ಮೈಕ್ರೊಮೀಟರ್. ಟೇಪು ಹೆಡ್ಡಿನಿಂದ ದೂರ ಸರಿದಾಗ ಆಗುವ ನಷ್ಟವನ್ನು ತಿಳಿಯಲು ಆ ದೂರವನ್ನು ಅಲೆಯುದ್ದದಿಂದ ಭಾಗಿಸಿ 54.6ರಿಂದ ಗುಣಿಸಬೇಕು, ಉತ್ತರ ಡೆಸಿಬೆಲ್‌ಗಳಲ್ಲಿ. ಒಂದೇ ಒಂದು ಮೈಕ್ರೊಮೀಟರ್ ಧೂಳಿಗೆ 10,000 ಹರ್ಟ್ಸ್‌ನಲ್ಲಿ 11 ಡೆಸಿಬೆಲ್‌ಗೂ ಹೆಚ್ಚು ನಷ್ಟ. 100 ಹರ್ಟ್ಸ್‌ನಲ್ಲಿ ನಷ್ಟ ಇಲ್ಲವೆನ್ನುವಷ್ಟು ಕಡಿಮೆ. ಹೆಡ್ಡು ಕೊಳೆಯಾದಾಗ ದನಿ ಸಣ್ಣದಾಗದೆ ಮಂಕಾಗುವುದು ಇದಕ್ಕೇ. ಹತ್ತಿಯ ಕಡ್ಡಿ, ಐಸೊಪ್ರೊಪೈಲ್ ಆಲ್ಕೊಹಾಲ್, ಎರಡು ನಿಮಿಷದ ಕೆಲಸ. ಅಂಗಡಿಯ ಕ್ಯಾಸೆಟ್ಟುಗಳು ಥಳಥಳ ಹೊಳೆಯುವಂತೆ ನುಡಿದವು. ತಾಳಮದ್ದಳೆಯ ಕ್ಯಾಸೆಟ್ ಮಾತ್ರ ಕಂಬಳಿಯೊಳಗೇ ಇತ್ತು.

ಇಲ್ಲಿಯೇ ರಿಪೇರಿಯವರು ಎಡವಿದ್ದು. ಹೆಡ್ಡಿನಲ್ಲಿ ಟೇಪನ್ನು ಓದುವ ಒಂದು ಸೂಕ್ಷ್ಮ ಸೀಳು ಇದೆ. ಅದು ಟೇಪು ಓಡುವ ದಿಕ್ಕಿಗೆ ನೇರ ಲಂಬವಾಗಿರಬೇಕು. ಸ್ಟೀರಿಯೋ ಹೆಡ್ಡಿನಲ್ಲಿ ಪ್ರತಿ ಚಾನೆಲ್ಲಿನ ಸೀಳಿನ ಎತ್ತರ ಸುಮಾರು 0.6 ಮಿ.ಮೀ. ಟೇಪಿನಲ್ಲಿ ದಾಖಲಾದ ಅಲೆಗೂ ಈ ಸೀಳಿಗೂ ಓರೆಯಿದ್ದರೆ ಸೀಳಿನ ಮೇಲ್ತುದಿ ಅಲೆಯ ಉಬ್ಬನ್ನು ಓದುವಾಗ ಇನ್ನೊಂದು ಭಾಗ ತಗ್ಗನ್ನು ಓದುತ್ತದೆ. ಮೇಲಿನಿಂದ ಕೆಳಗಿನ ತನಕ ಒಂದು ಪೂರ್ಣ ಅಲೆಯ ಅಂತರ ಬಿದ್ದರೆ ಕೂಡಿಸಿದಾಗ ಶೂನ್ಯ. ಇದಕ್ಕೆ 10,000 ಹರ್ಟ್ಸ್‌ನಲ್ಲಿ ಬೇಕಾಗುವ ಓರೆ ಅರ್ಧ ಡಿಗ್ರಿಗಿಂತಲೂ ಕಡಿಮೆ. ಅಂಗಡಿಯ ಕ್ಯಾಸೆಟ್ಟುಗಳನ್ನು ನೇರ ಹೆಡ್ಡಿನಲ್ಲಿ ಮುದ್ರಿಸಿರುತ್ತಾರೆ, ಸ್ನೇಹಿತರ ಯಂತ್ರದ ಹೆಡ್ಡೂ ನೇರವಾಗಿತ್ತು. ಓರೆ ಇದ್ದದ್ದು 1987ರಲ್ಲಿ ಆ ದೇವಸ್ಥಾನದ ಪೌಳಿಯಲ್ಲಿ ಕುಳಿತಿದ್ದ ಸಣ್ಣ ರೆಕಾರ್ಡರಿನ ಹೆಡ್ಡಿನಲ್ಲಿ. ಅದು ಓರೆಯಾಗಿಯೇ ಬರೆದಿತ್ತು. ಆ ರೆಕಾರ್ಡರ್ ಇದ್ದಿದ್ದರೆ ಅದರಲ್ಲಿ ಸ್ಪಷ್ಟವಾಗಿಯೇ ಕೇಳುತ್ತಿತ್ತು. ಟೇಪು ಸತ್ತಿರಲಿಲ್ಲ; ಯಂತ್ರವೂ ಸರಿಯಿತ್ತು. ಎರಡಕ್ಕೂ ಹೊಂದಾಣಿಕೆ ಇರಲಿಲ್ಲ.

ಪರೀಕ್ಷೆಗೆ ಸುಲಭ ಉಪಾಯ ಮೋನೋ ಗುಂಡಿ. ಒತ್ತಿದೊಡನೆ ದನಿ ಇನ್ನಷ್ಟು ಮಂಕಾದರೆ ಓರೆಯಿದೆ ಎಂದೇ ಅರ್ಥ, ಎರಡು ಚಾನೆಲ್ಲುಗಳು ಒಂದೇ ಅಲೆಯನ್ನು ಬೇರೆ ಬೇರೆ ಗಳಿಗೆಯಲ್ಲಿ ಓದುತ್ತಿವೆ. ಹೆಡ್ಡಿನ ಪಕ್ಕದಲ್ಲಿ ಸ್ಪ್ರಿಂಗ್ ಸಹಿತ ಒಂದು ಪುಟ್ಟ ತಿರುಪಿದೆ. ಕ್ಯಾಸೆಟ್ ಬಾಗಿಲಿನ ಮುಚ್ಚಳ ತೆಗೆದರೆ ಕಾಣುತ್ತದೆ. ಅದು ನಿಂತ ಸ್ಥಾನವನ್ನು ಮೊದಲು ಗುರುತು ಮಾಡಿಕೊಂಡೆ. ಕಾಂತವಾಗಿರದ ಸ್ಕ್ರೂಡ್ರೈವರಿನಿಂದ, ಮೋನೋದಲ್ಲಿ ಕೇಳುತ್ತ, ಕೂದಲೆಳೆಯಷ್ಟು ಕೂದಲೆಳೆಯಷ್ಟು ತಿರುಗಿಸಿದೆ. ಸುತ್ತಿನ ಎಂಟನೆಯ ಒಂದು ಭಾಗ ದಾಟುವುದರೊಳಗೆ ತಾಳದ ಕಿಣಿ ಕೇಳಿಸಿತು, ಹಿಂದೆಯೇ ಅರ್ಥದ ಸಕಾರ ಶಕಾರಗಳು ಬಿಡಿಬಿಡಿಯಾದವು. ಸ್ನೇಹಿತರು ಒಳಗೆ ಹೋಗಿ ತಾಯಿಯನ್ನು ಕರೆದುಕೊಂಡು ಬಂದರು.

ಒಂದೇ ಪ್ರತಿ ಇರುವ ಟೇಪನ್ನು ಮತ್ತೆ ಮತ್ತೆ ಓಡಿಸಬಾರದು. ಆ ದಿನವೇ ಕಂಪ್ಯೂಟರಿಗೆ ಜೋಡಿಸಿ, ಸೆಕೆಂಡಿಗೆ 44,100 ಮಾದರಿ, 16 ಬಿಟ್ ಲೆಕ್ಕದಲ್ಲಿ, ಸಂಕುಚಿಸದ ಕಡತವಾಗಿ ನಕಲು ತೆಗೆದೆವು. ಒಂದು ಗಂಟೆಗೆ ಸುಮಾರು 635 ಮೆಗಾಬೈಟ್ ಆಯಿತು. ಎರಡು ಬೇರೆ ಬೇರೆ ಜಾಗಗಳಲ್ಲಿ ಉಳಿಸಿದ ಮೇಲೆ ತಿರುಪನ್ನು ಮೊದಲಿನ ಗುರುತಿಗೆ ತಂದು ನಿಲ್ಲಿಸಿದೆ, ಇಲ್ಲದಿದ್ದರೆ ಮನೆಯ ಉಳಿದ ಕ್ಯಾಸೆಟ್ಟುಗಳೆಲ್ಲ ಕಂಬಳಿ ಹೊದೆಯುತ್ತಿದ್ದವು. ಟೇಪಿನ ಕೊನೆಯಲ್ಲಿ, ಮಂಗಳ ಮುಗಿದ ಮೇಲೆ, ರೆಕಾರ್ಡರ್ ಆರಿಸಲು ಯಾರೋ ಮರೆತಿದ್ದಾರೆ. ಅದರಲ್ಲಿ ಒಬ್ಬರು ಕೆಮ್ಮಿ ಚಹಾ ಕೇಳುವುದು ಈಗ ಸ್ಪಷ್ಟವಾಗಿ ಕೇಳುತ್ತದೆ.